ಗೋಳಿಬಜೆ ಮುಂದೆ ನಿಂತ ಕಂಟೇನರ್

೨೦೨೪ರ ಜನವರಿ ೯, ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಪುಣೆ ಬಳಿಯ ರಾಂಜಣಗಾಂವ ಪೊಲೀಸ್ ಠಾಣೆಯ ಬಾಗಿಲಲ್ಲಿ ದೇವದಾಸ್ ಶೆಟ್ಟಿ ಎಷ್ಟು ಜೋರಾಗಿ ಅತ್ತರೆಂದರೆ, ಎದುರಿನ ಕಾರ್ಖಾನೆಯ ಸೈರನ್ ನಾಚಿಕೊಂಡು ಸುಮ್ಮನಾಯಿತು.

"ಕಂಟೇನರ್ ಮಾಯವಾಗಿದೆ ಮಾರಾಯ್ರೇ! ಒಳಗೆ ದುಬೈಗೆ ಹೋಗುವ ಪತ್ರೊಡೆ!"

"ಮೊದಲ ಕೂಡ್ರಿ," ಎಂದರು ಇನ್‌ಸ್ಪೆಕ್ಟರ್ ಮಂಜರಿ ಇನಾಮದಾರ. ಮೂಲ ಧಾರವಾಡ, ಹುಟ್ಟಿದ್ದು ಪುಣೆ. ಅವರ ಹುಬ್ಬು ಒಮ್ಮೆ ಏರಿದರೆ ಮೂರು ಜಿಲ್ಲೆಗಳ ಕಳ್ಳರು ತಾವಾಗಿಯೇ ಕೈ ಎತ್ತುತ್ತಿದ್ದರು.

ಎಫ್‌ಐಆರ್ ಬರೆಯಲು ಕುಳಿತ ಹವಾಲ್ದಾರ ಪ್ರಲ್ಹಾದ ಮರಾಠಿಯವನು, ಮ್ಯಾಡಂ ಸಹವಾಸದಿಂದ ಕನ್ನಡ ಕಲಿತವನು. "ಪತ್ರೊಡೆ ಮ್ಹಣಜೆ... ಅಂದ್ರ ನಮ್ಮ ಅಳೂವಡಿ ನಾ? ಹಾಗೇ ಬರೀತೀನಿ."

"ಅಳೂವಡಿ ಅಂತ ಬರೆದರೆ ನಾನು ಸಹಿ ಹಾಕುವುದಿಲ್ಲ!" ದೇವದಾಸರ ಅಳು ಒಂದೇ ಏಟಿಗೆ ನಿಂತಿತು.

ವಿಷಯ ಇಷ್ಟು. ಎಂಬತ್ತು ಹೆಂಗಸರು ಕೆಸುವಿನ ಎಲೆ ಸುತ್ತಿ, ಬೇಯಿಸಿ, ಹಿಮಗಟ್ಟಿಸುವ ಕಾರ್ಖಾನೆ ಅವರದು. ಎಲೆ ಕೊಯ್ದ ಎರಡೇ ವಾರಕ್ಕೆ ಪತ್ರೊಡೆ ದುಬೈ ಅಂಗಡಿಯಲ್ಲಿರುವಂಥ ಏರ್ಪಾಡು ಮಾಡಿದ್ದರು. ಜಗತ್ತಿನ ವ್ಯಾಪಾರವೇ ಇದನ್ನು ನೋಡಿ ಎದ್ದು ನಿಲ್ಲಬೇಕಿತ್ತು. ಇದು ಮೊದಲ ಕಂಟೇನರ್. ಸೋಮವಾರ ಬೆಳಗಿನ ಜಾವ ಹೊರಟ ಲಾರಿ ಸಂಜೆ ನ್ಹಾವಾ ಶೇವಾ ಬಂದರು ಮುಟ್ಟಿದೆ ಎಂದು ಜಿಪಿಎಸ್ ಪರದೆಯ ಹಸಿರು ಚುಕ್ಕಿ ಹೇಳಿತು. ಅಂಥ ಗಾಡಿ ಬಂದೇ ಇಲ್ಲ ಎಂದು ಬಂದರು ಹೇಳಿತು. ಚಾಲಕ ಮಧುಕರನ ಫೋನ್ ಬಂದ್. ಇಂದು ಸಂಜೆ ಆರಕ್ಕೆ ಹಡಗಿನ ಸರಕಿಗೆ ಗೇಟು ಮುಚ್ಚುತ್ತದೆ. ತಪ್ಪಿದರೆ ದುಬೈಯವನು ಒಪ್ಪಂದ ಹರಿಯುತ್ತಾನೆ, ಕಾರ್ಖಾನೆಗೆ ಬೀಗ.

ಬಂದರಿನ ಪೊಲೀಸರು ಹುಡುಕಿದಾಗ ಲಾರಿಯ ಜಿಪಿಎಸ್ ಡಬ್ಬಿ ಸಿಕ್ಕಿತು, ಗೇಟಿನ ಹೊರಗೆ ಕಬ್ಬಿನಹಾಲಿನ ಗಾಡಿಯ ಅಡಿಯಲ್ಲಿ ಅಯಸ್ಕಾಂತದಿಂದ ಅಂಟಿಕೊಂಡು. ಪಂಚನಾಮೆ ಮಾಡಿ ಫೋಟೊ ಕಳಿಸಿದರು.

ಮಂಜರಿ ಚುಕ್ಕಿ ನಡೆದ ದಾರಿಯನ್ನು ಪರದೆಯ ಮೇಲೆ ಬೆರಳಿಟ್ಟು ನೋಡಿದರು. ಬೆರಳು ಪುಣೆಯ ಐಟಿ ಕಂಪನಿಗಳ ಬೀಡಾದ ಹಿಂಜವಾಡಿಯಲ್ಲಿ ನಿಂತಿತು.

"ಸೋಮವಾರ ಮುಂಜಾನೆ ಒಂಬತ್ತೂವರೆ. ಈ ವೇಗ ನೋಡ್ರಿ."

ಆ ಹೊತ್ತಿಗೆ ಹಿಂಜವಾಡಿಯಲ್ಲಿ ಕ್ಯಾಬ್ ಹತ್ತಿದ ತರುಣ ಕಂಪನಿ ಗೇಟಿನಲ್ಲಿ ಇಳಿಯುವಷ್ಟರಲ್ಲಿ ನಿವೃತ್ತಿ ವಯಸ್ಸು ಮುಟ್ಟಿರುತ್ತಾನೆ. ಚುಕ್ಕಿಯೋ ಮೀನಿನಂತೆ ನುಸುಳಿತ್ತು.

"ಇದು ಲಾರಿ ಅಲ್ರಿ, ಬೈಕ್. ನೀವು ನೋಡಲಿಲ್ಲೇನು?"

"ಚುಕ್ಕಿ ಹಸಿರಿದ್ದರೆ ಯಾರು ನೋಡ್ತಾರೆ ಮೇಡಂ?"

"ಮತ್ತ ಇಲ್ಲಿ ಗಲ್ಲಿಯೊಳಗ ಅರ್ಧ ತಾಸು ನಿಂತದ. ಏನದ ಇಲ್ಲಿ?"

ದೇವದಾಸ್ ಕಣ್ಣು ಕಿರಿದು ಮಾಡಿದರು. "ಉಮಾವತಿಯಕ್ಕನ ಹೋಟೆಲ್. ಪುಣೆಯಲ್ಲಿ ಸರಿಯಾದ ಗೋಳಿಬಜೆ ಸಿಗುವುದು ಅಲ್ಲೊಂದೇ."

ಜೀಪು ಹಾರಿತು. ಅಂದು ಅದು ನೆಲ ಮುಟ್ಟಿದ್ದಕ್ಕೆ ಸಾಕ್ಷಿಗಳಿಲ್ಲ.

ಬಾಣಲೆಯ ಮುಂದಿದ್ದ ಉಮಾವತಿ ತಿರುಗಿಯೂ ನೋಡಲಿಲ್ಲ. "ನಿನ್ನೆ ಬೆಳಿಗ್ಗೆ ಬೈಕಿನಲ್ಲಿ ಬಂದದ್ದಾ? ನಿಮ್ಮ ತಮ್ಮ ಸುಖೇಶನೇ ಅಲ್ವಾ ದೇವಣ್ಣ! ಅರ್ಜೆಂಟ್ ಅಂತ ಹೇಳಿ ಮೂರು ಪ್ಲೇಟ್ ತಿಂದ. ಕರಾವಳಿಯವ ಅಲ್ವಾ, ವಾಸನೆ ಬಂದ ಮೇಲೆ ಹೋಗುವುದು ಹೇಗೆ?"

"ಸುಖೇಶನಾ!" ಎಂದರು ದೇವದಾಸ್. ಲಾರಿಗಳ ಉಸ್ತುವಾರಿ ಅವನದೇ.

"ಇವತ್ತು ಬಂದಿದ್ದನೇನು?" ಮಂಜರಿ ಕೇಳಿದರು.

"ಈಗಷ್ಟೇ ಹೋದ. ಭೋರ್‌ನ ಕೋಲ್ಡ್ ಸ್ಟೋರೇಜಲ್ಲಿ ಡ್ರೈವರ್ ಹಸಿದಿದ್ದಾನಂತೆ, ಪಾರ್ಸೆಲ್ ಕಟ್ಟಿಸಿಕೊಂಡ."

"ಎಂಥಾ ಕಳ್ಳ ರೀ ಇವ," ಎಂದರು ಮಂಜರಿ, "ಊಟದ ಚಿಂತಿ ಭಾಳ ಅದ."

ಹನ್ನೆರಡರ ಹೊತ್ತಿಗೆ ಪುಣೆಯ ದಕ್ಷಿಣಕ್ಕಿರುವ ಭೋರ್. ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಲಾರಿ ರಾಜಠೀವಿಯಿಂದ ನಿಂತಿತ್ತು. ಕಂಟೇನರಿಗೆ ವಿದ್ಯುತ್ ಸಂಪರ್ಕ ಕೊಟ್ಟಿದ್ದರು, ಮೊಹರು ಹಾಗೇ ಇತ್ತು, ಒಳಗೆ ಮೈನಸ್ ಹದಿನೆಂಟು ಡಿಗ್ರಿ. ಮಧುಕರ ನಿಶ್ಚಿಂತೆಯಿಂದ ಬಜೆ ತಿನ್ನುತ್ತಿದ್ದ. ಹಡಗು ತಡ, ಇಲ್ಲೇ ಇರು ಎಂದು ಹೇಳಿ ಸುಖೇಶ್ ಅವನ ಫೋನ್ ಇಸಿದುಕೊಂಡಿದ್ದನಂತೆ. ಪಕ್ಕದಲ್ಲೇ ಕುಳಿತಿದ್ದ ಸುಖೇಶ್ ಓಡಲಿಲ್ಲ.

ಮಂಜರಿ ಮೊದಲು ಮಧುಕರನನ್ನು ಎಬ್ಬಿಸಿದರು. "ಹೇಳಿಕೆ ಆಮ್ಯಾಲೆ. ಮೊದಲ ಗಾಡಿ ತಗಿ!" ಸ್ಥಳದಲ್ಲೇ ಪಂಚನಾಮೆ ಮುಗಿಸಿ, ಮುಂದೆ ಭೋರ್ ಠಾಣೆಯ ಜೀಪು, ಜೀಪಿನಲ್ಲಿ ದೇವದಾಸ್, ಹಿಂದೆ ಪತ್ರೊಡೆ. ಸೈರನ್ನಿಗೆ ಘಾಟಿನ ಬೆಟ್ಟಗಳೇ ಪಕ್ಕಕ್ಕೆ ಸರಿದವು.

ಮಂಜರಿಯವರ ಜೀಪಿನಲ್ಲಿ ರಾಂಜಣಗಾಂವ ಠಾಣೆಗೆ ಬಂದ ಸುಖೇಶನನ್ನು ವಿಧಿಪೂರ್ವಕ ಬಂಧಿಸಲಾಯಿತು. ಅವನ ಫೋನ್ ಜಪ್ತಿಯಾಗಿ ಲಕೋಟೆ ಸೇರಿತು.

"ಯಾರಿಗಿ ಮಾರೂದಿತ್ತು?"

"ಯಾರಿಗೂ ಇಲ್ಲ."

"ಮತ್ಯಾಕ?"

ಅವನು ಫೋನಿದ್ದ ಲಕೋಟೆಯತ್ತ ಬೆರಳು ತೋರಿದ. "ಮುಂಚೆ ಅಣ್ಣ ದಿನಕ್ಕೆ ನೂರು ಸಲ ಫೋನ್ ಮಾಡ್ತಿದ್ದರು. ಗಾಡಿ ಎಲ್ಲಿಗೆ ಮುಟ್ಟಿತು, ನಿನ್ನ ಊಟ ಆಯ್ತಾ. ಈ ಪರದೆ ಬಂದ ಮೇಲೆ ಒಂದು ಫೋನ್ ಇಲ್ಲ. ಡಬ್ಬಿಯನ್ನು ಬೈಕಿನಲ್ಲಿ ಬಂದರಿಗೆ ಒಯ್ದದ್ದು ಅದಕ್ಕೇ; ಚುಕ್ಕಿ ಅಲ್ಲಿದ್ದು ಗಾಡಿ ಕಾಣದಿದ್ದರೆ ನನ್ನನ್ನೇ ಕೇಳ್ತಾರೆ, ಆಗ ತಂದು ನಿಲ್ಲಿಸುವ ಅಂತ ಇದ್ದೆ. ಅವರು ಸೀದಾ ನಿಮ್ಮಲ್ಲಿಗೆ ಬಂದರು."

ಮಂಜರಿ ಅದನ್ನು ಹೇಳಿದ ಹಾಗೆಯೇ ಬರೆಸಿದರು.

ಐದೂ ಇಪ್ಪತ್ತಕ್ಕೆ ಮೊಹರು ಹಚ್ಚಬೇಕಿದ್ದ ಲಕೋಟೆ ಗುಂಯ್‌ಗುಟ್ಟಿತು.

"ಮ್ಯಾಡಂ," ಪ್ರಲ್ಹಾದ ಗಾಬರಿಯಾದ, "ಜಪ್ತಿ ಮಾಡಿದ ಮುದ್ದೆಮಾಲು ಬಾರಿಸಾಕತ್ತದ!"

"ಯಾರದ್ದು?"

"ಅಣ್ಣ ಅಂತ ಬರ್ತದ."

"ಸ್ಪೀಕರ್ ಹಚ್ಚು."

"ಸುಖೇಶಾ," ಬಂದರಿನ ಗದ್ದಲದ ನಡುವೆ ದೇವದಾಸರ ದನಿ ಕೂಗಿತು, "ಗಾಡಿ ಗೇಟು ದಾಟಿತು ಮಾರಾಯಾ! ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ?"

ಸುಖೇಶ್ ಮುಖ ಮುಚ್ಚಿಕೊಂಡ. ಮಂಜರಿ ಕರೆಯ ಸಮಯವನ್ನು ಡೈರಿಯಲ್ಲಿ ದಾಖಲಿಸಿ, ಲಕೋಟೆಗೆ ಮೊಹರು ಹಚ್ಚುವುದನ್ನು ಇನ್ನೂ ಸ್ವಲ್ಪ ಹೊತ್ತು ಮುಂದೂಡಿದರು.