ಇಪ್ಪತ್ತೊಂದು ತೂತು

ಆ ಮನುಷ್ಯ ನನ್ನ ಹೆಸರಿನ ಮುಂದೆ ಕೆಂಪು ಇಂಕಲ್ಲಿ ‘ಡ್ರೈ ಸೋಲ್ಡರ್’ ಅಂತ ಬರೆದ ದಿನವೇ ನಾನು ಅವರನ್ನ ಮೊದಲ ಸಲ ಸರಿಯಾಗಿ ನೋಡಿದ್ದು.

ನೋಡಿದ್ದು ಅಂದ್ರೆ ಪ್ರೀತಿಯಿಂದೇನಲ್ಲ. ಮೂಗಿನ ತುದೀಲೇ ಕೋಪ ಇಟ್ಕೊಂಡು ಹುಟ್ಟಿದವಳು ನಾನು. ರಿಜಿಸ್ಟರ್ ಎತ್ಕೊಂಡು ಸೀದಾ ಅವರ ಮೇಜಿನ ಹತ್ರ ಹೋದೆ.

“ಸಾರ್, ಇದು ನೀವು ಬರೆದಿದ್ದಾ?”

“ಹೂಂ.”

“ಅಳಿಸಿ.”

ಅವರು ತಲೆ ಎತ್ತಿದ್ರು. ಕನ್ನಡಕದ ಹಿಂದೆ ದೊಡ್ಡ ದೊಡ್ಡ ಕಣ್ಣು, ಈಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ. “ಜಯದೇವಿಯವರೇ, ಮಿಷಿನ್ ದಿನಾ ಮೂರು ಗಂಟೆಗೆ ಹ್ಯಾಂಗ್ ಆಗ್ತಾ ಇದೆ. ಬಿಸಿಯಾದಾಗ ಎಲ್ಲೋ ಒಂದು ಬೆಸುಗೆ ಬಿಟ್ಕೊಳ್ತಾ ಇದೆ. ಬೆಸುಗೆ ಹಾಕಿದವರು ನೀವು ತಾನೆ?”

“ನಾನೇ. ಆ ಬೋರ್ಡಿನ ಒಂದೊಂದು ಬೆಸುಗೇನೂ ನಾನೇ ಹಾಕಿದ್ದು. ಒಂದು ಬಿಟ್ಕೊಂಡಿದ್ರೆ ತೋರಿಸಿ, ನಾಳೆಯಿಂದ ಈ ಕಡೆ ತಲೆ ಹಾಕಲ್ಲ.”

ಅವರು ತೋರಿಸ್ಲಿಲ್ಲ. ಅಳಿಸ್ಲೂ ಇಲ್ಲ.

ಇದು ಎಂಬತ್ತೆಂಟನೇ ಇಸವಿ ಮಾರ್ಚ್ ತಿಂಗಳ ಮಾತು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ನಮ್ಮದು ಪಟಾಲಮ್ಮ ಎಲೆಕ್ಟ್ರಾನಿಕ್ಸ್ ಅಂತ ಒಂದು ಶೆಡ್ಡು. ಯಜಮಾನ್ರು ದೊಡ್ಡಣ್ಣ. ಅಲ್ಲೀವರೆಗೂ ಸ್ಟೆಬಿಲೈಸರ್ ಮಾಡ್ಕೊಂಡು ಸುಖವಾಗಿದ್ದವರಿಗೆ ಇದ್ದಕ್ಕಿದ್ದ ಹಾಗೆ ಕಂಪ್ಯೂಟರ್ ಹುಚ್ಚು ಹಿಡೀತು. ಅದೂ ಎಂಥ ಕಂಪ್ಯೂಟರ್? ಎಲ್ಲರೂ ಮೇಜು ತುಂಬ ಮಾಡಿದ್ರೆ ಇವರದು ಹೊಲಿಗೆ ಮಿಷಿನ್ ಪೆಟ್ಟಿಗೆಯಷ್ಟೇ ಇರಬೇಕು. ಬೋರ್ಡು, ಪವರ್ ಸಪ್ಲೈ, ಫ್ಲಾಪಿ ಡ್ರೈವ್, ಎಲ್ಲಾ ಅದರೊಳಗೇ ತುರುಕಬೇಕು. ಡಿಸೈನ್ ಮಾಡೋಕೆ ಬಂದವರೇ ಈ ಮುನಿರಾಜು. ಮೂಡಲಪಾಳ್ಯದವರು, ಬಿ.ಇ. ಓದಿದವರು. ನಾನು ಐಟಿಐ. ಬಸವೇಶ್ವರನಗರದಿಂದ ನಡ್ಕೊಂಡೇ ಬರ್ತಿದ್ದೆ.

ಮೊದಲನೇ ಮಿಷಿನ್ ವಿಜಯನಗರದ ನೀಲಮ್ಮ ಟೀಚರ್ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿತ್ತು. ಬೆಳಿಗ್ಗೆ ಚೆನ್ನಾಗಿ ಓಡೋದು. ಮೂರು ಗಂಟೆ ಆಯ್ತೋ, ಸ್ಕ್ರೀನಲ್ಲಿ ಅಕ್ಷರ ನಿಂತಲ್ಲೇ ನಿಂತ್ಕೊಳ್ಳೋದು. ಒಂದು ವಾರ ಹೀಗೇ ಆಗಿ ಮಿಷಿನ್ ಶೆಡ್ಡಿಗೆ ವಾಪಸ್ ಬಂತು.

ದೊಡ್ಡಣ್ಣ ಸಾರ್ ರಿಜಿಸ್ಟರ್ ಓದಿ ನನ್ನ ಕರೆದ್ರು.

“ನೋಡಮ್ಮ, ಶನಿವಾರ ಇದನ್ನ ಮತ್ತೆ ಟೀಚರ್ ಹತ್ರ ಇಡ್ತೀವಿ. ಹತ್ತರಿಂದ ಐದರವರೆಗೂ ಓಡಬೇಕು. ಇನ್ನೊಂದು ಸಲ ನಿಂತ್ರೆ ಸೋಮವಾರದಿಂದ ನೀನು ಬರೋದು ಬೇಡ.”

ಕೆಲಸ ಹೋದ್ರೆ ಹೋಗ್ಲಿ ಅನ್ನೋ ಹಾಗಿರಲಿಲ್ಲ ನಂಗೆ. ಅದಕ್ಕಿಂತ ಹೆಚ್ಚಾಗಿ, ಆ ಕೆಂಪು ಇಂಕು. ಈ ಎಸ್ಟೇಟಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕೈ ಸರಿ ಇಲ್ಲ ಅಂತ ಒಂದು ಸಲ ಹೆಸರು ಬಂದ್ರೆ ಯಾವ ಶೆಡ್ಡಲ್ಲೂ ನಂಗೆ ಬೆಸುಗೆ ಕಡ್ಡಿ ಕೊಡ್ತಿರಲಿಲ್ಲ. ಎಂಟು ವರ್ಷದ ನನ್ನ ಕೈ ಅದು! ಅಳು ಬಂತು, ಆದ್ರೆ ಅವರೆದುರು ಅಳೋಕೆ ನಾನೇನು ಹುಚ್ಚೀನಾ?

*

ಬುಧವಾರ ಬೆಳಿಗ್ಗೆ ಪೂಜೆ. ದಿನಾ ಕೆಲಸ ಶುರು ಮಾಡೋ ಮುಂಚೆ ಪಟಾಲಮ್ಮನ ಫೋಟೋಗೆ ಊದುಬತ್ತಿ ಹಚ್ಚೋದು ನನ್ನ ಪಾಲಿನ ಕೆಲಸ. ಆ ದಿನ ಮಿಷಿನ್ ಪಕ್ಕದಲ್ಲೇ ಓಡ್ತಾ ಇತ್ತು. ಊದುಬತ್ತಿ ಹೊಗೆ ಸುಮ್ಮನೆ ಮೇಲೆ ಹೋಗೋದು ಬಿಟ್ಟು ಮಿಷಿನ್ ಹಿಂದಕ್ಕೆ ಬಾಗಿ ಒಳಗೆ ಹೋಯ್ತು. ಒಳಗೆ ಹೋದದ್ದು ಕಣ್ಣು ಮಿಟುಕಿಸೋದ್ರೊಳಗೆ ಅಲ್ಲೇ ಪಕ್ಕದಲ್ಲಿದ್ದ ಫ್ಯಾನಿಂದ ಆಚೆ ಬಂತು.

ಇಷ್ಟು ಬೇಗನಾ?

ಮುಚ್ಚಳ ಬಿಚ್ಚಿದೆ. ಪಟಾಲಮ್ಮನಿಗೆ ಕೈ ಮುಗಿದು ಫೋಟೋದ ಗಾಜು ತೆಗೆದು ಮುಚ್ಚಳದ ಜಾಗಕ್ಕೆ ಇಟ್ಟೆ. ಇನ್ನೆರಡು ಊದುಬತ್ತಿ ಹಚ್ಚಿದೆ. ಗಾಜಿನ ಕೆಳಗೆ ಎಲ್ಲಾ ಕಾಣಿಸ್ತು. ಗಾಳಿ ಬರೋ ಸೀಳುಗಳು ಹಿಂದೆ, ಗಾಳಿ ಹೋಗೋ ಫ್ಯಾನೂ ಹಿಂದೆ, ನಡುವೆ ಒಂದು ಗೇಣೂ ಇಲ್ಲ. ಹೊಗೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗ್ತಿತ್ತು. ಬಿಸಿಯಾಗೋ ಚಿಪ್‌ಗಳೆಲ್ಲ ಇರೋದು ಮುಂದೆ, ಅಲ್ಲಿಗೆ ಒಂದೆಳೆ ಹೊಗೇನೂ ಬರ್ತಿರಲಿಲ್ಲ.

“ಏನ್ ಮಾಡ್ತಾ ಇದೀರ?”

ಮುನಿರಾಜು. ನಾನು ಊದುಬತ್ತಿ ಅವರ ಕೈಗೆ ಕೊಟ್ಟೆ.

ಅವರು ಗಾಜಿನ ಮೇಲೆ ಬಗ್ಗಿದ್ರು. ನಾನೂ ಬಗ್ಗಿದ್ದೆ. ಅವರ ಕನ್ನಡಕದಲ್ಲಿ ಆ ಹೊಗೆ ಸುತ್ತಿ ಸುತ್ತಿ ಹೋಗೋದು ಕಾಣ್ತಿತ್ತು. ಅದನ್ನೇ ನೋಡ್ತಾ ಇದ್ದೆ ಅಂತ ಆಮೇಲೆ ಗೊತ್ತಾಯ್ತು ನಂಗೆ. ನಾಚಿಕೆ ಆಯ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಗಾಜು ಸರಿಸಿ, “ಮುಂದಿರೋ ದೊಡ್ಡ ಚಿಪ್ ಮೇಲೆ ಬೆರಳಿಡಿ ಸಾರ್,” ಅಂದೆ.

ಇಟ್ರು. ಒಂದು, ಎರಡು ಅಂತ ಎಣಿಸೋದ್ರೊಳಗೆ “ಅಯ್ಯಪ್ಪಾ!” ಅಂತ ಬೆರಳು ಬಾಯಿಗಿಟ್ಕೊಂಡ್ರು. ನಂಗೆ ನಗು ತಡೆಯೋಕಾಗ್ಲಿಲ್ಲ. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಪೆಟ್ಟಿಗೆಯ ಹಿಂದಿನ ಸೀಳುಗಳನ್ನ ಬೆರಳಲ್ಲಿ ಸವರಿದ್ರು.

“ಸೀಳು ಅಲ್ಲಿಟ್ಟಿದ್ದು ನಾನು,” ಅಂದ್ರು ಮೆಲ್ಲಗೆ. “ಮುಂದೆ ಯಾವ ತೂತೂ ಇರಬಾರದು, ದೇವಿ ಹೆಸರು ಬರೆಸಬೇಕು ಅಂದ್ರು ಯಜಮಾನ್ರು. ನಾನು ವಾದ ಮಾಡ್ಲಿಲ್ಲ.”

“ನನ್ನ ಹೆಸರಿನ ಮುಂದೆ ಬರೆಯೋವಾಗ ಮಾತ್ರ ಧೈರ್ಯ ಬಂತು ಅಲ್ವಾ?”

ಅವರ ಮುಖ ಸಣ್ಣಗಾಯ್ತು. ಅಯ್ಯೋ ಪಾಪ ಅನ್ನಿಸ್ತು, ಆದ್ರೂ ಹೇಳಿದ ಮಾತು ವಾಪಸ್ ತಗೊಳ್ಳಲಿಲ್ಲ.

*

ಮುಂದೆ ತೂತು ಕೊರೆಯೋಣ ಅಂತ ಅವತ್ತೇ ಇಬ್ಬರೂ ಹೋಗಿ ಕೇಳಿದ್ವಿ. ದೊಡ್ಡಣ್ಣ ಸಾರ್ ಕೂಗಾಡಿದ್ರು. “ದೇವಿ ಹೆಸರಿನ ಕೆಳಗೆ ತೂತಾ? ಸಾಧ್ಯವೇ ಇಲ್ಲ!”

ಶುಕ್ರವಾರ ಮಧ್ಯಾಹ್ನ ಯಜಮಾನ್ರು ಪೀಣ್ಯಕ್ಕೆ ಹೋದ್ರು. ನಾನು ಕೈ ಡ್ರಿಲ್ ತಗೊಂಡೆ.

“ಜಯದೇವಿಯವರೇ, ಬೇಡ. ಕೆಲಸ ಹೋಗುತ್ತೆ,” ಅಂದ್ರು ಮುನಿರಾಜು.

“ನಿಂತ್ರೂ ಹೋಗುತ್ತೆ, ಕೊರೆದ್ರೂ ಹೋಗುತ್ತೆ. ಕೊರೆದೇ ಹೋಗ್ಲಿ. ಹಿಡ್ಕೊಳ್ತೀರೋ, ಇಲ್ಲ ಆಚೆ ಹೋಗ್ತೀರೋ?”

ಹಿಡ್ಕೊಂಡ್ರು. ಬೋರ್ಡೆಲ್ಲ ಬಿಚ್ಚಿಟ್ಟು ಬರೀ ಪೆಟ್ಟಿಗೆಯನ್ನ ಎದೆಗೆ ಒತ್ಕೊಂಡು ನಿಂತ್ರು. ಚಿನ್ನದ ಬಣ್ಣದ ‘ಪಟಾಲಮ್ಮ’ ಅನ್ನೋ ಅಕ್ಷರದ ಕೆಳಗೆ ನಾನು ಒಂದೊಂದೇ ತೂತು ಕೊರೆದೆ. ಮೂರು ಸಾಲು, ಸಾಲಿಗೆ ಏಳು. ಡ್ರಿಲ್ ಜಾರಿದಾಗಲೆಲ್ಲ ಅವರ ಕೈ ನನ್ನ ಕೈಗೆ ತಾಗೋದು. ಹತ್ತನೇ ತೂತಿನ ಹೊತ್ತಿಗೆ ಡ್ರಿಲ್ ಜಾರದಿದ್ರೂ ತಾಗ್ತಿತ್ತು. ಯಾರ ಕೈ ಹೋಗ್ತಿತ್ತು ಅಂತ ನಾನು ಹೇಳಲ್ಲ.

“ನಿಮಗೆ... ಮದುವೆ ಗೊತ್ತಾಗಿದೆಯಾ?” ಪೆಟ್ಟಿಗೆಗೆ ಹೇಳೋ ಹಾಗೆ ಕೇಳಿದ್ರು.

“ಮೂರು ಜನ ಬಂದು ನೋಡ್ಕೊಂಡು ಹೋಗಿದಾರೆ. ಉಪ್ಪಿಟ್ಟು ತಿಂದು, ಹಾಡು ಬರುತ್ತಾ ಅಂತ ಕೇಳಿ, ಮನೆಗೆ ಹೋಗಿ ತಿಳಿಸ್ತೀವಿ ಅಂದ್ರು. ಒಬ್ಬರೂ ತಿಳಿಸ್ಲಿಲ್ಲ. ಕೈಯಲ್ಲಿ ಸುಟ್ಟ ಗುರುತು ಇದೆಯಲ್ಲ, ಅದು ಯಾಕೆ ಅಂತ ಮಾತ್ರ ಮೂರೂ ಜನ ಕೇಳಿದ್ರು.”

ಅವರು ನನ್ನ ಬೆರಳುಗಳನ್ನ ನೋಡಿದ್ರು. ಕಾಪರ್ ಬಣ್ಣಕ್ಕೆ ತಿರುಗಿದ ಕಲೆಗಳು, ಎಂಟು ವರ್ಷದವು.

“ನಾನು ಕೇಳಲ್ಲ. ಅದು ಯಾಕೆ ಅಂತ ನಂಗೆ ಗೊತ್ತು,” ಅಂದ್ರು.

ನಂಗೆ ಒಂದು ಕ್ಷಣ ಡ್ರಿಲ್ ತಿರುಗಿಸೋದೇ ಮರೆತುಹೋಯ್ತು.

ಇಪ್ಪತ್ತೊಂದು ತೂತು ಆಯ್ತು. ಹಿಂದಿನ ಸೀಳಿಗೆ ತಗಡು ಮುಚ್ಚಿದ್ವಿ. ಗಾಳಿಗೆ ಅಡ್ಡ ಬರ್ತಿದ್ದ ಅಗಲದ ಕೇಬಲ್ಲನ್ನ ಮಡಿಸಿ ಗೋಡೆಗೆ ಒತ್ತಿ ಕಟ್ಟಿದ್ವಿ. ಬೋರ್ಡು ಕೂರಿಸಿ, ಗಾಜು ಇಟ್ಟು, ಊದುಬತ್ತಿ ಹಚ್ಚಿದೆ. ಹೊಗೆ ಮುಂದಿನ ತೂತುಗಳಿಂದ ಒಳಗೆ ಬಂತು, ಚಿಪ್‌ಗಳ ಮೇಲೆಲ್ಲ ಹರಿದು ಹಿಂದಕ್ಕೆ ಹೋಯ್ತು. ಒಂದು ಗಂಟೆ ಓಡಿಸಿ ಗಾಜು ತೆಗೆದು ಬೆರಳಿಟ್ಟೆ. ಅವರೂ ಪಕ್ಕದಲ್ಲೇ ಬೆರಳಿಟ್ರು. ಇಬ್ಬರೂ ಒಟ್ಟಿಗೆ ಎಣಿಸಿದ್ವಿ. ಬೆಚ್ಚಗಿತ್ತು, ಸುಡ್ತಿರಲಿಲ್ಲ. ಇಪ್ಪತ್ತಾದ್ರೂ ಯಾರೂ ಬೆರಳು ತೆಗೀಲಿಲ್ಲ.

*

ಶನಿವಾರ. ನೀಲಮ್ಮ ಟೀಚರ್ ಇನ್‌ಸ್ಟಿಟ್ಯೂಟಿಗೆ ಶೀಟಿನ ಸೂರು, ಹತ್ತು ಗಂಟೆಗೇ ಧಗೆ. ನಾನು ಮಿಷಿನ್‌ಗೆ ಸುತ್ತಿದ್ದ ಪೇಪರ್ ತೆಗೆದೆ. ದೊಡ್ಡಣ್ಣ ಸಾರ್ ಮುಖ ಕೆಂಪಗಾಯ್ತು.

“ಯಾರು ಕೊರೆದಿದ್ದು ಇದನ್ನ?”

“ನಾನು ಸಾರ್,” ಅಂದ್ರು ಮುನಿರಾಜು ಥಟ್ಟಂತ.

ನೋಡಿ, ಬೇರೆ ಯಾರಾದ್ರೂ ಆಗಿದ್ರೆ ಕರಗಿಹೋಗ್ತಿದ್ರೇನೋ. ನಂಗೆ ಮೈಯೆಲ್ಲ ಉರೀತು.

“ಸುಳ್ಳು ಯಾಕೆ ಹೇಳ್ತೀರಾ ಸಾರ್? ಕೊರೆದಿದ್ದು ನಾನು, ಒಂದೊಂದು ತೂತೂ ನಾನೇ. ನಿಮ್ಮ ದಯೆ ನಂಗೆ ಬೇಡ.” ದೊಡ್ಡಣ್ಣ ಸಾರ್ ಕಡೆ ತಿರುಗಿದೆ. “ದೇವೀಗೂ ಗಾಳಿ ಬೇಕು ಸಾರ್. ಐದು ಗಂಟೆವರೆಗೂ ಓಡ್ಲಿ. ಓಡದಿದ್ರೆ ನೀವು ಹೇಳೋದು ಬೇಡ, ನಾನೇ ಬರಲ್ಲ.”

ನೀಲಮ್ಮ ಟೀಚರ್ ಕುರ್ಚಿ ಎಳೆದು ಕೂತು, “ಓಡಿಸಿ ನೋಡೇ ಬಿಡೋಣ ಬಿಡಿ ದೊಡ್ಡಣ್ಣನೋರೇ,” ಅಂದ್ರು. ಗಿರಾಕಿ ಮಾತು ಮೀರೋ ಹಾಗಿರಲಿಲ್ಲ. ಸಾರ್ ಹಲ್ಲು ಕಚ್ಕೊಂಡು ಕೂತ್ರು.

ಒಂದು ಗಂಟೆಗೆ ಕ್ಲಾಸ್ ಬಿಡ್ತು. ನಮ್ಮನ್ನ ಟೀಚರ್ ಊಟಕ್ಕೆ ಓಡಿಸಿದ್ರು. ಪಕ್ಕದ ಹೋಟೆಲಲ್ಲಿ ಮುನಿರಾಜು ಎದುರು ಕೂತ್ರು. ನಾನು ಮುಖ ಆ ಕಡೆ ತಿರುಗಿಸ್ಕೊಂಡು ಊಟ ಮಾಡಿದೆ.

“ದಯೆ ಅಲ್ಲ ಅದು,” ಅಂದ್ರು ಕೊನೆಗೆ.

“ಮತ್ತೇನು?”

ಅವರು ಅನ್ನ ಕಲಸಿದ್ದನ್ನೇ ಕಲಸ್ತಾ ಕೂತ್ರು.

ವಾಪಸ್ ಬಂದು ನೋಡ್ತೀನಿ, ಮಿಷಿನ್ ಮೇಲೆ ಕಸೂತಿ ಹಾಕಿದ ಬಟ್ಟೆ! ಗಿಳಿ, ಬಳ್ಳಿ, ಸುತ್ತ ಲೇಸು. ಟಿವಿಗೆ, ರೇಡಿಯೋಗೆ ಹೊದಿಸ್ತಾರಲ್ಲ, ಹಾಗೇ. ಒಳಗೆ ಮಿಷಿನ್ ಆನ್ ಇದೆ.

“ಟೀಚರ್, ಇದೇನಿದು!”

“ಯಾಕಮ್ಮ? ಧೂಳು ಬೀಳಬಾರದು ಅಂತ. ಊಟದ ಹೊತ್ತಲ್ಲಿ ದಿನಾ ಹೊದಿಸ್ತೀನಿ. ನಾನೇ ಹೆಣೆದಿದ್ದು,” ಅಂದ್ರು ಹೆಮ್ಮೆಯಿಂದ.

ದಿನಾ! ನಾನೂ ಮುನಿರಾಜೂ ಮುಖ ಮುಖ ನೋಡ್ಕೊಂಡ್ವಿ. ಮೂರು ಗಂಟೆಯ ಗುಟ್ಟು ಗಿಳಿ ಬಳ್ಳಿಯ ಕೆಳಗಿತ್ತು. ಮೊದಲೇ ಗಾಳಿ ಇಲ್ಲದ ಪೆಟ್ಟಿಗೆ, ಅದಕ್ಕೆ ದಿನಾ ಒಂದು ಗಂಟೆ ಕಂಬಳಿ. ಹಿಂದಿಂದ ಬಂದ ಬಿಸಿ ಗಾಳೀನೇ ಬಟ್ಟೆಯೊಳಗೆ ಸುತ್ತಿ ಮತ್ತೆ ಹಿಂದಿನ ಸೀಳಿಂದ ಒಳಗೆ ಹೋಗ್ತಿತ್ತು.

ಇವತ್ತೂ ಹೊದಿಸಿ ಒಂದು ಗಂಟೆ ಕಾಲ ಆಗಿತ್ತು. ದೊಡ್ಡಣ್ಣ ಸಾರ್ ಬಾಗಿಲಲ್ಲೇ ನಿಂತು, “ನಿಂತಿದೆಯಾ?” ಅಂದ್ರು.

ನಾನು ಬಟ್ಟೆ ಎಳೆಯೋಕೆ ಕೈ ಹಾಕಿದೆ. ಆಗ ಮುನಿರಾಜು ನನ್ನ ತೋಳು ಮುಟ್ಟಿ ಮಿಷಿನ್ ಹಿಂದೆ ತೋರಿಸಿದ್ರು. ಅಲ್ಲಿ ಬಟ್ಟೆ ಉಬ್ಬಿ ಪಟಪಟ ಅಂತಿತ್ತು. ಲೇಸು ಗಾಳೀಲಿ ಕುಣೀತಿತ್ತು. ಮುಂದೆ ಬಟ್ಟೆ ಕೆಳಗೆ ಇಳಿದಿರಲಿಲ್ಲ, ಇಪ್ಪತ್ತೊಂದು ತೂತೂ ಬಾಯಿ ಬಿಟ್ಕೊಂಡಿದ್ವು. ಟೀಚರ್ ಒಂದು ಕೀ ಒತ್ತಿದ್ರು. ಅಕ್ಷರ ಬಂತು. ಇನ್ನೊಂದು ಒತ್ತಿದ್ರು. ಅದೂ ಬಂತು.

ಮೂರು ಗಂಟೆ ಆಯ್ತು. ನಾಲ್ಕಾಯ್ತು. ಐದು ಗಂಟೆಗೆ ನೀಲಮ್ಮ ಟೀಚರ್, “ಇಂಥವೇ ಇನ್ನೂ ಆರು ಬೇಕು. ತೂತು ಇರೋವೇ ಬೇಕು,” ಅಂದ್ರು. ದೊಡ್ಡಣ್ಣ ಸಾರ್ ಒಂದೇ ಸಲಕ್ಕೆ ನಗುನಗ್ತಾ, “ಭೇಷ್, ಎಲ್ಲಾ ಸರಿಹೋಯ್ತಲ್ಲ!” ಅಂತ ಶೆಡ್ಡಿಂದ ತಂದಿದ್ದ ರಿಜಿಸ್ಟರ್ ಮುಚ್ಚೋಕೆ ಹೋದ್ರು.

“ಸರಿಹೋಗಿಲ್ಲ ಸಾರ್,” ಅಂತ ಮುನಿರಾಜು ಅದನ್ನ ಕಿತ್ಕೊಂಡ್ರು.

“ಏಯ್, ಗಿರಾಕಿ ಮುಂದೆ ಏನಯ್ಯ ಬರೀತೀಯ? ಮಾನ ಹೋಗುತ್ತೆ!”

“ಹೋಗ್ಲಿ ಸಾರ್. ನನ್ನದು ತಾನೆ.”

ಅದೇ ಕೆಂಪು ಪೆನ್ನು. ‘ಡ್ರೈ ಸೋಲ್ಡರ್’ ಅನ್ನೋದನ್ನ ಅಡ್ಡಡ್ಡ ಹೊಡೆದು, ಅದರ ಕೆಳಗೆ ಬರೆದ್ರು: ‘ಬೆಸುಗೆಯಲ್ಲಿ ತಪ್ಪಿಲ್ಲ. ಡಿಸೈನ್ ತಪ್ಪು. ತಪ್ಪು ನನ್ನದು. ಕಂಡುಹಿಡಿದು ಸರಿ ಮಾಡಿದವರು ಜಯದೇವಿ. ಸಹಿ, ಮುನಿರಾಜು.’

ಆಮೇಲೆ ಎಲ್ಲರ ಮುಂದೆ ನನ್ನ ಕಡೆ ತಿರುಗಿದ್ರು. “ಮಧ್ಯಾಹ್ನ ಮತ್ತೇನು ಅಂತ ಕೇಳಿದ್ರಲ್ಲ. ಪ್ರೀತಿ. ಅದಕ್ಕೆ ಸುಳ್ಳು ಹೇಳಿದೆ. ಇನ್ನು ಹೇಳಲ್ಲ. ಭಾನುವಾರ ಅಪ್ಪ ಅಮ್ಮನ ಕರ್ಕೊಂಡು ನಿಮ್ಮನೆಗೆ ಬರಲಾ?”

ಟೀಚರ್ ಬಾಯಿ ಮೇಲೆ ಕೈ ಇಟ್ಕೊಂಡ್ರು. ನಾನು ಗದ್ದ ಎತ್ತಿ ಹೇಳಿದೆ:

“ಬರಬೇಡಿ. ಇನ್ನೊಬ್ಬರಿಗೆ ಉಪ್ಪಿಟ್ಟು ಕೊಟ್ಟು ನಾನು ತಲೆ ಬಗ್ಗಿಸಿ ಕೂರಲ್ಲ. ನಾನೇ ಬರ್ತೀನಿ.”

*

ಅವ್ವ ದಾರಿಯುದ್ದಕ್ಕೂ ಗೊಣಗಿದಳು. ನಾವು ಯಾರು, ಅವರು ಯಾರು, ಜನ ಏನಂತಾರೆ ಜಯಾ. “ಅಂದ್ಕೊಳ್ಳಲಿ ಬಿಡವ್ವ,” ಅಂದೆ. ಗೊಣಗ್ತಾ ಗೊಣಗ್ತಾನೇ ಅವ್ವ ಮೂಡಲಪಾಳ್ಯದ ಬಸ್ ಹತ್ತಿದಳು, ಮಡಿಲಲ್ಲಿ ಒಂದು ಮೊಳ ಮಲ್ಲಿಗೆ ಇಟ್ಕೊಂಡು.

ಮುನಿರಾಜು ಅವರ ಅಮ್ಮ ಪಾಪಮ್ಮ ನಮ್ಮನ್ನ ಚಾಪೆ ಮೇಲೆ ಕೂರಿಸಿದ್ರು. “ಹೆಣ್ಣು ಬಂದು ಗಂಡು ನೋಡೋದು ನಾನೆಲ್ಲೂ ಕೇಳಿಲ್ಲಮ್ಮ,” ಅಂದ್ರು. ಮುಖದಲ್ಲಿ ಸಿಟ್ಟಿತ್ತೋ ನಗುವಿತ್ತೋ ತಿಳೀಲಿಲ್ಲ. ಅಪ್ಪ ಮುನಿವೆಂಕಟಪ್ಪನವರು ಮಾತ್ರ ಪೇಪರ್ ಅಡ್ಡ ಹಿಡ್ಕೊಂಡು ಕಿಸಕ್ ಅಂದ್ರು.

ಗಂಡು ಆಚೆ ಬಂತು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ.

“ಹಾಡು ಬರುತ್ತಾ?” ಅಂದೆ.

“ಇಲ್ಲ.”

“ಅಡುಗೆ?”

“ಈ ಉಪ್ಪಿಟ್ಟು ನಾನೇ ಮಾಡಿದ್ದು.” ತಟ್ಟೆ ಕೆಳಗಿಟ್ಟಾಗ ಅವರ ಎಡಗೈ ಬೆರಳು ಕಾಣಿಸ್ತು. ಒಗ್ಗರಣೆ ಸಿಡಿದು ಕೆಂಪಗೆ ಬೊಬ್ಬೆ ಎದ್ದಿತ್ತು.

ಅದು ಯಾಕೆ ಅಂತ ನಾನು ಕೇಳಲಿಲ್ಲ. ಒಂದು ತುತ್ತು ತಿಂದೆ. ಉಪ್ಪು ಜಾಸ್ತಿ.

ಅವ್ವ ರೂಢಿ ಪ್ರಕಾರ ಸೆರಗು ಸರಿ ಮಾಡ್ಕೊಂಡು, “ಆಯ್ತು, ನಾವು ಮನೆಗೆ ಹೋಗಿ...” ಅಂತ ಶುರು ಮಾಡಿದಳು.

“ಯಾಕವ್ವ ಮನೆಗೆ ಹೋಗಿ?” ಅಂದೆ. ಆ ದೊಡ್ಡ ದೊಡ್ಡ ಕಣ್ಣುಗಳನ್ನ ನೋಡ್ತಾ, ಇಡೀ ಮನೆಗೆ ಕೇಳೋ ಹಾಗೆ ಹೇಳಿದೆ.

“ನಂಗೆ ಗಂಡು ಒಪ್ಪಿಗೆ.”