ಐದು ಮನೆ ಶ್ರುತಿ

"ಇವಳು ಹಾಡ್ತಾ ಇದಾಳೋ, ಹಲ್ಲುನೋವಿಗೆ ಅಳ್ತಾ ಇದಾಳೋ?"

ಟೋಪಿ ಹಾಕಿಕೊಂಡು ಮುಂದಿನ ಮೇಜಿನಲ್ಲಿ ಕೂತಿದ್ದವನು ಹಾಗೆಂದದ್ದು ಅಚ್ಚ ಮೈಸೂರು ಕನ್ನಡದಲ್ಲಿ. ಸಿಂಗಪುರದ ಸೆಂಬವಾಂಗಿನ ಆ ಪಬ್ಬಿಗೆ ಬರುವವರೆಲ್ಲ ಶಿಪ್‌ಯಾರ್ಡಿನ ವಿದೇಶಿ ಎಂಜಿನಿಯರುಗಳು. ತನ್ನ ಭಾಷೆ ಯಾರಿಗೆ ಗೊತ್ತಾಗಬೇಕು ಎಂಬ ಧೈರ್ಯ ಅವನಿಗೆ.

ವೇದಿಕೆಯ ಮೇಲಿದ್ದ ಮೈಥಿಲಿ ಹಾಡು ನಿಲ್ಲಿಸಿದಳು.

"ಹಲ್ಲು ಚೆನ್ನಾಗಿದೆ ಸರ್. ಬೇಕಾದ್ರೆ ಕಚ್ಚಿ ತೋರಿಸ್ತೀನಿ."

ಅವನ ಮುಖ ನೋಡಬೇಕಿತ್ತು... ಬಿಯರ್ ನೆತ್ತಿಗೇರಿ ಕೆಮ್ಮಿದ. ಆಮೇಲೆ ನಕ್ಕ. ಆ ನಗು ಚೆನ್ನಾಗಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವನು ಬದರೀನಾಥ. ಹೆತ್ತವರು ಇಟ್ಟ ಆ ಪುಣ್ಯಕ್ಷೇತ್ರದ ಹೆಸರು ಪೋಸ್ಟರಿನ ಮೇಲೆ 'ಬ್ರ್ಯಾಡ್' ಆಗಿತ್ತು. ಗಿಟಾರ್ ಹಿಡಿದು ಅಮೆರಿಕದ ಹಳ್ಳಿಗಾಡಿನ ಹಾಡು, ಅಂದರೆ ಕಂಟ್ರಿ ಹಾಡು, ಹಾಡುತ್ತಿದ್ದ. ಎರಡು ಕ್ಯಾಸೆಟ್ ಬಂದು, ಟೀವಿಯಲ್ಲೂ ಕಾಣಿಸಿಕೊಂಡು, ಸಿಂಗಪುರದಲ್ಲಿ ಒಂದಷ್ಟು ದಿನ ಮೆರೆದ. ಕುಡಿದು ರೆಕಾರ್ಡಿಂಗಿಗೆ ಹೋದದ್ದೇ ನೆಪವಾಗಿ ಕಂಪನಿಯವರು ಮೂರನೆಯ ಕ್ಯಾಸೆಟ್ ಕೈಬಿಟ್ಟರು. ಅವತ್ತಿನಿಂದ ಅವನ ಬಾಯಲ್ಲಿ ಹಾಡಿಗಿಂತ ಬೈಗುಳ ಹೆಚ್ಚು.

ಮೈಥಿಲಿ ಟೋವಾ ಪಾಯೋದ ಒಂದು ಆಫೀಸಿನಲ್ಲಿ ಟೈಪಿಸ್ಟ್. ತಾಯಿ ಭಾಗೀರಥಿ ಅಲ್ಲೇ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದರು. ಮಗಳು ಕೀರ್ತನೆ ಬಿಟ್ಟು ಕಂಟ್ರಿ ಹಾಡಿಗೆ ಬಿದ್ದದ್ದು ಅವರಿಗೆ ನುಂಗಲಾರದ ತುತ್ತು.

"ಪ್ರತಿ ಭಾನುವಾರ ಮಧ್ಯಾಹ್ನ ಇಲ್ಲಿಗೇ ಬಾ. ನನ್ನ ಶೋಗೆ ಮುಂಚೆ ಎರಡು ಹಾಡು ಹಾಡು. ಗಿಟಾರ್ ನಾನೇ ನುಡಿಸ್ತೀನಿ," ಅಂದ ಬದರಿ.

ಹಗಲು ಕಂಡ ಬಾವಿಗೆ ಹಗಲೇ ಬಿದ್ದಳು ಹುಡುಗಿ!

ಜನರೆದುರು ಅವಳನ್ನು ಹೀಯಾಳಿಸುತ್ತಿದ್ದ. ಅವಳ ಹಾಡಿಗಿಂತ ಅವಳ ಏದುಸಿರೇ ಜೋರು ಎಂದು ನಗಿಸುತ್ತಿದ್ದ. ಜನ ಹೋದ ಮೇಲೆ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಎದುರು ಕೂತು, ತನ್ನ ತಟ್ಟೆಯ ರೋಟಿ ಪ್ರಾಟಾ ಮುರಿದು ಅವಳ ತಟ್ಟೆಗೆ ಹಾಕುತ್ತಿದ್ದ. ಅವಳಿಗೆ ನೆನಪಿರುತ್ತಿದ್ದದ್ದು ಪ್ರಾಟಾ ಮಾತ್ರ.

ಇನ್ನೊಂದು ಸಂಗತಿಯೂ ಇತ್ತು. ಗಿಟಾರಿನ ಕುತ್ತಿಗೆಗೆ ಒಂದು ಕ್ಲಿಪ್ ಹಾಕುತ್ತಾರೆ. ಅದನ್ನು ಮೇಲೆ ಸರಿಸಿದರೆ ಇಡೀ ಹಾಡಿನ ಶ್ರುತಿ ಏರುತ್ತದೆ. ಬದರಿ ಅವಳನ್ನು ಕೇಳದೆಯೇ ಆ ಕ್ಲಿಪ್ಪನ್ನು ಅವಳ ಕಂಠಕ್ಕೆ ಸರಿಯಾದ ಜಾಗದಲ್ಲಿ, ಅಂದರೆ ಅವಳಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ 'ಐದು ಮನೆ' ಅನ್ನುವ ಶ್ರುತಿಗೆ, ಹಾಕುತ್ತಿದ್ದ.

"ನಿನ್ನ ಗಂಟಲು ಎಲ್ಲಿ ತನಕ ಹೋಗುತ್ತೆ ಅಂತ ನಿನಗಿಂತ ನಂಗೆ ಚೆನ್ನಾಗಿ ಗೊತ್ತು," ಅನ್ನುತ್ತಿದ್ದ.

ಇದಕ್ಕಿಂತ ದೊಡ್ಡ ಪ್ರೀತಿಯ ಮಾತು ಇರಲು ಸಾಧ್ಯವೇ... ಎಂದುಕೊಂಡಳು ಮೈಥಿಲಿ.

ಆಗಲೇ ಕ್ಯಾಸೆಟ್ ಕಂಪನಿಯ ಮಿಸ್ಟರ್ ಲಿಮ್ ಹೇಳಿಕಳಿಸಿದ್ದು. ಭಾನುವಾರ ಬಂದು ಅವಳ ಹಾಡು ಕೇಳುತ್ತಾನಂತೆ. ಹಿಡಿಸಿದರೆ ಅವಳದೇ ಒಂದು ಕ್ಯಾಸೆಟ್. ಬದರಿಯನ್ನು ಕೈಬಿಟ್ಟವನೂ ಇದೇ ಲಿಮ್. ಸುದ್ದಿ ಕೇಳಿ ಬದರಿ ಅವಳ ತಲೆ ಸವರಿದ. "ಚೆನ್ನಾಗಿ ಹಾಡು," ಅಂದ.

ಭಾಗೀರಥಿ ಕೂಡ ರೇಷ್ಮೆ ಸೀರೆ ಉಟ್ಟು, ಎದುರಿಗೊಂದು ನಿಂಬೆ ಪಾನಕ ಇಟ್ಟುಕೊಂಡು ಪಬ್ಬಿನ ಮೂಲೆಯಲ್ಲಿ ಕೂತರು.

ಮೊದಲ ಚರಣ ಸಲೀಸಾಗಿ ಹೋಯಿತು. ಹಾಡು ಮೇಲಕ್ಕೇರುವ ಜಾಗ ಬಂತು. ನೂರು ಸಲ ಹಾಡಿದ ಜಾಗ... ದನಿ ಒಡೆಯಿತು. ಮತ್ತೆ ಹಿಡಿಯಲು ಹೋದಳು, ಮತ್ತೆ ಒಡೆಯಿತು. ಯಾರೋ ಕಿಸಕ್ಕೆಂದರು. ಲಿಮ್ ಗಡಿಯಾರ ನೋಡಿಕೊಂಡ.

ಬದರಿ ಮೈಕಿಗೆ ಬಾಯಿ ಹಚ್ಚಿ, "ಪಾಪ, ಬಿಡಿ. ನಾಳೆ ಆಫೀಸಿದೆ ಅವಳಿಗೆ," ಎಂದ ಇಂಗ್ಲಿಷಿನಲ್ಲಿ. ಪಬ್ಬಿಗೆ ಪಬ್ಬೇ ನಕ್ಕಿತು.

ಹಿಂದಿರುಗುವಾಗ ಎಂಆರ್‌ಟಿ ರೈಲಿನಲ್ಲಿ ತಾಯಿ ಮೆಲ್ಲಗೆ ಹೇಳಿದರು. "ನಿಂದು ಐದು ಮನೆ ಶ್ರುತಿ. ಅವನು ಕ್ಲಿಪ್ ಸರಿಸಿ ಆರಕ್ಕೆ ಏರಿಸಿದ್ದ. ಶುರುವಿನಲ್ಲೇ ನಂಗೆ ಗೊತ್ತಾಯ್ತು."

"ಮತ್ತೆ ನಿಲ್ಲಿಸೋದಲ್ವಾ ಅಮ್ಮ?"

ಭಾಗೀರಥಿ ಕಿಟಕಿಯತ್ತ ತಿರುಗಿದರು. "ಇವತ್ತಿಗೆ ಈ ಹುಚ್ಚು ಬಿಟ್ಟುಹೋಗ್ಲಿ ಅಂತ ಸುಮ್ನಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಪ್ರೀತಿಸುವ ಇಬ್ಬರು, ಇಬ್ಬರೂ ಸೇರಿ ಅವಳ ಕತ್ತು ಹಿಸುಕಿದ್ದರು.

ಮರುದಿನ ಊಟದ ಬಿಡುವಿಗೇ ಅವಳು ಪಬ್ಬಿಗೆ ಹೋದಳು. ಬದರಿ ಒಬ್ಬನೇ ಕೂತು ಗಿಟಾರಿಗೆ ತಂತಿ ಹಾಕುತ್ತಿದ್ದ. ಅವಳಿಗೆ ಅವನನ್ನು ಬಿಡುವ ಮನಸ್ಸಿರಲಿಲ್ಲ. ಒಂದು ಸುಳ್ಳು ಸಿಕ್ಕಿದ್ದರೂ ಸಾಕಿತ್ತು.

"ಕುಡಿದಿದ್ರಿ. ಕೈ ತಪ್ಪಿ ಕ್ಲಿಪ್ ಮೇಲೆ ಹಾಕಿದ್ರಿ. ಹಾಗಂತ ಹೇಳಿ, ನಂಬ್ತೀನಿ."

ಅವನು ಕೈಯಲ್ಲಿದ್ದ ತಂತಿಯನ್ನು ಮೇಜಿನ ಮೇಲಿಟ್ಟ.

"ನಿನ್ನೆ ನಾನು ಒಂದು ಹನಿನೂ ಮುಟ್ಟಿರಲಿಲ್ಲ ಮೈಥಿಲಿ. ಕೈ ನಡುಗಬಾರದು ಅಂತ."

"ಯಾಕೆ?"

"ನೀನು ನನ್ನ ಬಿಟ್ಟು ಹೋಗ್ತೀಯ ಅಂತ. ಆಮೇಲೆ... ನನಗೆ ಸಿಗದೇ ಇದ್ದದ್ದು ನಿನಗೆ ಸಿಕ್ಕಿಬಿಡುತ್ತಲ್ಲ ಅಂತಾನೂ. ಎರಡೂ ನಿಜ. ನಿನ್ನ ಪ್ರೀತಿಸ್ತೀನಿ ಅನ್ನೋದೂ ನಿಜ. ಅದನ್ನ ಹೇಳೋ ಮುಖ ಈಗ ನನಗಿಲ್ಲ."

ಎಷ್ಟು ದಿನ ಕಾದಿದ್ದಳು ಈ ಮಾತಿಗೆ! ಬಂತು, ಇಂಥ ಹೊತ್ತಿನಲ್ಲಿ ಬಂತು. ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು, ಅವನ ಎದೆಗೊರಗಿ ಅಳಬೇಕೆನಿಸಿತು. ಎರಡನ್ನೂ ಮಾಡಲಿಲ್ಲ.

"ಲಿಮ್‌ಗೆ ಫೋನ್ ಮಾಡಿ. ಈಗ. ನನ್ನೆದುರಿಗೇ."

ಅವನು ಕೌಂಟರಿನ ಫೋನೆತ್ತಿ ಎಲ್ಲವನ್ನೂ ಹೇಳಿದ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಆಚೆಯಿಂದ ಬಂದದ್ದನ್ನು ತಲೆ ತಗ್ಗಿಸಿ ಕೇಳಿ, ಫೋನಿಟ್ಟ.

"ಶನಿವಾರ ಸ್ಟುಡಿಯೋಗೆ ಬರಬೇಕಂತೆ ನೀನು. ಗಿಟಾರಿಗೆ ಅವರದೇ ಜನ ಇರ್ತಾರೆ." ನಗಲು ನೋಡಿದ. "ನನ್ನ ಜೊತೆ ಇನ್ನು ಯಾರೂ ಸ್ಟೇಜ್ ಹತ್ತದ ಹಾಗೆ ಅವನೇ ನೋಡ್ಕೊಳ್ತಾನಂತೆ. ಸಾಕಾ?"

"ಸಾಲದು."

ಅವನು ತಲೆಯೆತ್ತಿದ.

"ನಾನು ನಿಮ್ಮನ್ನ ಬಿಟ್ಟು ಹೋಗಲ್ಲ," ಅಂದಳು ಮೈಥಿಲಿ. "ಮದುವೆನೂ ಆಗ್ತೀನಿ. ಅಮ್ಮನ ಹತ್ರ ನಾನೇ ಮಾತಾಡ್ತೀನಿ, ಅವರಿಗೂ ನನಗೂ ಲೆಕ್ಕ ಬೇರೆ ಇದೆ. ಆದ್ರೆ ನನ್ನ ಹಾಡಿಗೆ ನೀವು ಯಾವತ್ತೂ ಗಿಟಾರ್ ಹಿಡಿಯೋ ಹಾಗಿಲ್ಲ. ಮನೇಲೂ ಇಲ್ಲ. ನಾಳೆ ನಮ್ಮ ಮಕ್ಕಳು ಕೇಳಿದ್ರೂ ಇಲ್ಲ."

ಬದರಿಯ ಮುಖ ಬಿಳಿಚಿತು. ಕುಡಿತ ಬಿಡು ಅಂದಿದ್ದರೆ ನಕ್ಕುಬಿಡುತ್ತಿದ್ದ.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

"ಬೇರೇನೂ ಬೇಡ."

"ನಿನ್ನ ಹಾಡಿಗೆ ನುಡಿಸುವಾಗ ಮಾತ್ರ ನಾನು ಸರಿಯಾಗಿರ್ತೀನಿ ಮೈಥಿಲಿ."

"ಗೊತ್ತು. ಅದಕ್ಕೇ ಕೇಳಿದ್ದು."

ಅವನ ಕಣ್ಣು ತುಂಬಿತು. ಅವಳದೂ ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ, ಮಾತು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಆಯ್ತು," ಅಂದ ಕೊನೆಗೆ.

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು. ತಂತಿ ಒತ್ತಿ ಒತ್ತಿ ಗಟ್ಟಿಯಾದ ಬೆರಳುಗಳು. ಒಂದೊಂದನ್ನೇ ಮೆತ್ತಗೆ ಸವರಿದಳು.

"ಊಟ ಆಯ್ತಾ?"

"ಇಲ್ಲ."

"ಬನ್ನಿ, ನಂದೂ ಆಗಿಲ್ಲ."