ಮುಕ್ತಾಳ ಪ್ರೋಗ್ರಾಮು, ಶಶಿಧರ ಮುಚ್ಚಿಟ್ಟ ತಪ್ಪು

"ಏನವಾ ಮುಕ್ತಾ, ಯಾರ ಹೆಸರಿದು? ನಮಗ ಪ್ರಶ್ನಿ ಕೇಳಾಕತ್ತೈತಲ್ಲ!"

ಮಾಲಕ ಬಿಂದುಮಾಧವರು ಹಿತ್ತಾಳಿ ನಾಮಫಲಕ ಎತ್ತಿ ಹಿಡದ್ರು. ಗೋವಾದ ಹೋಟೆಲ್‌ನವರ ಆರ್ಡರು. ಜೋಸೆ ಅನ್ನಾಂವನ ಇಂಗ್ಲಿಷ್ ಹೆಸರಿನ ಕಡೀ ಅಕ್ಷರದ ತಲೀ ಮ್ಯಾಲ ಒಂದು ಸಣ್ಣ ಗೀಟು ಇರಬೇಕು. ಗೀಟೂ ಇಲ್ಲ, ಅಕ್ಷರಾನೂ ಇಲ್ಲ, ಅಲ್ಲಿ ಪ್ರಶ್ನಾರ್ಥಕ ಚಿಹ್ನಿ! ಉದ್ಯಮಬಾಗದ ಈ ವರ್ಕ್‌ಶಾಪಿನ ಕೊರಿಯೂ ಮಷೀನು ಭಾಳ ಪ್ರಾಮಾಣಿಕ, ಕಳಿಸಿದ್ದನ್ನ ಹಂಗ ಕೊರದಿತ್ತು. ಇನ್ನಷ್ಟ ಕೊರದಿದ್ರ ಬಾವಿ ನೀರ ಬರ್ತಿತ್ತು.

ಮುಕ್ತಾ ಫಲಕ ಇಸಗೊಂಡು ನೋಡಿದ್ಲು. ಹೆಸರು ಓದಿ ಮಷೀನಿಗಿ ಕಳಸೂ ಪ್ರೋಗ್ರಾಮು ಬರದಾಕಿ ಆಕಿನ. ಇವತ್ತ ಮಾಲಕರು ತಮ್ಮ ಲಾಗಿನ್‌ನ್ಯಾಗ ನಡಸಿ ಒಪ್ಪಿದ್ರ ನೌಕರಿ ಕಾಯಂ.

"ವರ್ಕ್‌ಶಾಪಿನ ಲಾಗಿನ್‌ನ್ಯಾಗ ದಿನಾ ಸರಿಯಾಗೇ ಬರ್ತಿತ್ರೀ ಸರ್..."

ಬಾಜುಕ ಕೆಲಸ ಮಾಡೂ ಶಶಿಧರ ಎದ್ದು ಬಂದ. ಹೋದ ವಾರಷ್ಟ "ನೀ ಅಂದ್ರ ನನಗ ಜೀವ" ಅಂದಾಂವ. ಕರೀ ಪರದೆ ಮ್ಯಾಲ ಒಂದ ಸಾಲು ಟೈಪ್ ಮಾಡಿದ. ಅಕ್ಷರ ಹೆಂಗ ಓದಬೇಕಂತ ಕಂಪ್ಯೂಟರಿಗಿ ಹೇಳೂ ಲೊಕೇಲ್ ಸೆಟ್ಟಿಂಗು ಅದು. ಮತ್ತ ನಡಸಿದ್ರ... ಹೆಸರು ಗೀಟು ಸಮೇತ ಬಂತು!

"ಶಾಬಾಸ್! ನೌಕರಿ ಕಾಯಂ!" ಅಂದ್ರು ಮಾಲಕರು.

ಮುಕ್ತಾ ನಗಲಿಲ್ಲ. ಆ ಸಾಲು ಹೊಡೀಬೇಕಾದ್ರ ಶಶಿಧರ ಒಂದ ಕ್ಷಣಾನೂ ವಿಚಾರ ಮಾಡಿರಲಿಲ್ಲ...

"ನಿನಗ ಮೊದಲ ಗೊತ್ತಿತ್ತಾ?"

"...ಹೂಂ. ವರ್ಕ್‌ಶಾಪಿನ ಲಾಗಿನ್‌ನ್ಯಾಗ ಆ ಸಾಲು ನಿನಗ ಹೇಳದ ನಾನ ಹಾಕಿಟ್ಟಿದ್ದೆ. ಅದಕ್ಕ ದಿನಾ ನಡೀತಿತ್ತು. ಮಾಲಕರ ಲಾಗಿನ್‌ನ್ಯಾಗ ಅದು ಇರಲಿಲ್ಲ."

ಆಕಿ ಬ್ಯಾಗ ತಗೊಂಡು ಸೀದಾ ಖಾನಾಪುರ ಬಸ್ ಹತ್ತಿದ್ಲು. ಅಂವ ಬೈಕ್ ಮ್ಯಾಲ ಬೆನ್ನ ಹತ್ತಿ, ಪೀರನವಾಡಿ ಪಾನ್ ಅಂಗಡಿ ಮುಂದ ಬೈಕ್ ಒಗದು, ಅದ ಬಸ್ಸಿಗಿ ಜೋತುಬಿದ್ದ.

"ಮುಕ್ತಾ, ಕೇಳಿಲ್ಲಿ..."

"ಏನ್ ಕೇಳೂದು? 'ಭಾರಿ ಬರದೀ' ಅಂತ ದಿನಾ ಹೊಗಳ್ತಿದ್ದೆಲ್ಲ, ಅದು ಸುಳ್ಳು!"

"ಮೊದಲನೇ ಸಲ ನಡದಾಗ ಕುಣದಾಡಿದ್ದೀ. ಆ ಖುಷಿ ಕೆಡಸಾಕ ಮನಸಾಗಲಿಲ್ಲ. ಆಮ್ಯಾಲ... ಹೇಳಾಕ ಧೈರ್ಯ ಆಗಲಿಲ್ಲ."

"ನನ್ನ ಖುಷಿಗಂತ ಅಷ್ಟು ಸುಳ್ಳ ಹೇಳಿದಾಂವ, ಪ್ರೀತೀನೂ ನನ್ನ ಖುಷಿಗಂತ ಹೇಳಿರಬೇಕಲ್ಲ?" ಆಕಿ ಕಣ್ಣ ಒರಸಿಕೊಂಡ್ಲು. "ಈಗ ಯಾವ ಮಾತ ನಂಬಲಿ ಶಶಿ?"

ಕಂಡಕ್ಟರ್ ಬಂದ. "ಜಗಳಾ ಮಾಡ್ರಿ, ನಮ್ಮದೇನ ತಕರಾರಿಲ್ಲ. ಟಿಕೀಟ ತಗೊಂಡು ಮಾಡ್ರಿ."

ಶಶಿಧರ ಟಿಕೀಟ ತಗೊಂಡ. ಆಕೀ ಸೀಟಿನ ಬಾಜುಕ ನಿಂತ. ಆಮ್ಯಾಲ ಬಾಯಿ ಬಿಟ್ಟ.

"ಇನ್ನ ಮ್ಯಾಲ ಖರೇನ ಹೇಳ್ತೀನಿ. ನೀ ಮಾಡೂ ಚಹಾ, ಚಹಾ ಅಲ್ಲ. ಪಾತ್ರಿ ತೊಳದ ನೀರು."

"ಏನಂದಿ?"

"ನಿನಗ ಸಿಟ್ಟ ಬಂದ್ರ ಮಷೀನೂ ಹೆದರತೈತಿ. ಪ್ರೋಗ್ರಾಮಿನ್ಯಾಗ ತಪ್ಪಿತ್ತು, ಮುಚ್ಚಿಟ್ಟೆ. ತಪ್ಪು ಕೇಳಿ ತಡಕೊಳ್ಳೂ ಗಟ್ಟಿಗಿತ್ತಿ ನೀ ಅಂತ ತಿಳೀಲೇ ಇಲ್ಲ. ಅದು ನನ್ನ ತಪ್ಪು."

ಕಣ್ಣೀರಿನ್ಯಾಗೂ ಆಕೀಗಿ ನಗು ಬಂತು. ಸಿಟ್ಟ ಇನ್ನೂ ಇತ್ತು.

"ಮತ್ತ... ಪ್ರೀತಿ?"

"ಅದು ಖರೇ."

ಆಕಿ ಕಿಟಕಿ ಕಡೆ ಸರದು ಜಾಗಾ ಮಾಡಿಕೊಟ್ಲು.

"ನಾಳೆ ಆ ಸಾಲು ಪ್ರೋಗ್ರಾಮಿನ ಒಳಗ ನಾನ ಬರೀತೀನಿ. ನೀ ಕೈ ಹಚ್ಚಬ್ಯಾಡ."

"ಮತ್ತ ತಪ್ಪು ಕಂಡ್ರ?"

"ಹೇಳು."

"ಸಿಟ್ಟಾದ್ರ?"

"ಆಗ್ತೀನಿ... ಆದ್ರೂ ಹೇಳು!"